ಖಾರದ ನೆಪ

ನಮ್ಮ ವಿಶ್ವವಿದ್ಯಾಲಯದ ಗೇಟಿನೆದುರು ಮಿರ್ಚಿ ಬಂಡಿ ಇಟ್ಟಿರುವ ಭಾಯಿಗೆ, ನಮ್ಮ ವಿಭಾಗದ ಮೇಡಂ ರಿಟೈರ್ ಆದ ದಿನದಿಂದ ಮನಸ್ಸು ನೆಟ್ಟಗಿಲ್ಲ. "ಅವರು ಪೂರಾ ರಿಟೈರ್ ಆದ್ರು, ನಾನು ಅರ್ಧ ರಿಟೈರ್ ಆದೆ ಸಾರ್," ಎಂದು ಸಿಕ್ಕವರ ಮುಂದೆಲ್ಲ ಗೋಳಾಡುತ್ತಾನೆ. ಗೋಳಾಡಲಿ ಬಿಡಿ, ಅವನಿಗೆ ಹಕ್ಕಿದೆ. ನಮ್ಮ ಸಮಾಜಶಾಸ್ತ್ರ ವಿಭಾಗದ ಟೈಮ್ ಟೇಬಲ್ ಬಾಯಿಪಾಠ ಇದ್ದದ್ದು ಇಬ್ಬರಿಗೆ ಮಾತ್ರ. ಒಬ್ಬರು ಮೇಡಂ, ಇನ್ನೊಬ್ಬ ಈ ಭಾಯಿ. ಬೆಳಿಗ್ಗೆ ಗೇಟಿನಲ್ಲಿ ನನ್ನ ಬೈಕು ಸ್ವಲ್ಪ ನಿಧಾನವಾದರೆ ಸಾಕು, "ಇವತ್ತು ಯಾವ ಪಾಠ ಸಾರ್? ಹಿಟ್ಟು ಜಾಸ್ತಿ ಕಲಸ್ಲಾ?" ಎಂದು ಕೂಗುತ್ತಿದ್ದ. ವರದಕ್ಷಿಣೆ ಸಾವಿನ ಪಾಠ ಎಂದರೆ ಬಕೆಟ್ಟು ತುಂಬ ಹಿಟ್ಟು. ಸಂಶೋಧನಾ ವಿಧಾನ ಎಂದರೆ ಅವನ ಮುಖ ಹುಳ್ಳಗಾಗುತ್ತಿತ್ತು.

ಇದಕ್ಕೆಲ್ಲ ಕಾರಣ ಮೇಡಂ ಹಾಕಿಕೊಟ್ಟ ಒಂದು ರೂಢಿ. ತರಗತಿಯಲ್ಲಿ ಮನಸ್ಸು ಕಲಕುವ ಮಾತು ಬಂದ ದಿನ ಅವರು ಯಾರನ್ನೂ ನೇರವಾಗಿ ಮನೆಗೋ ಹಾಸ್ಟೆಲ್ಲಿಗೋ ಬಿಡುತ್ತಿರಲಿಲ್ಲ. ಪಾಠ ಮುಗಿಯುತ್ತಲೇ ಬಾಗಿಲಿಗೆ ಅಡ್ಡ ನಿಂತು, "ನಡೀರಿ ಬಂಡಿಗೆ!" ಎನ್ನುವರು. ಇಡೀ ತರಗತಿ, ಪಾಠ ಮಾಡಿದ ಮೇಷ್ಟರೂ ಸೇರಿ, ಬೇವಿನ ಮರದ ಕೆಳಗೆ ಹಾಜರಾಗಬೇಕು. ಕಾಗದದ ತುಂಬ ಒಗ್ಗರಣೆ ಮಂಡಕ್ಕಿ, ಮೇಲೆ ಬಿಸಿ ಮಿರ್ಚಿ. ಮೊದಲ ಮಿರ್ಚಿ ಹೊಟ್ಟೆ ಸೇರುವವರೆಗೆ ಯಾರೂ ಪಾಠದ ಮಾತೆತ್ತಬಾರದು. ಭಾಯಿಯ ಮೆಣಸಿನಕಾಯಿಗಳೋ, ದೇವರೇ ಗತಿ! ಎರಡನೇ ತುತ್ತಿಗೆ ಕಣ್ಣಲ್ಲಿ ನೀರು, ಮೂರನೆಯದಕ್ಕೆ ಮೂಗಲ್ಲಿ. ಆಗ ಮೇಡಂ ಎಲ್ಲರ ಮುಖ ನೋಡುತ್ತ, "ಖಾರ ಭಾಳ ಐತಲ್ಲ?" ಎಂದು ಕೇಳುವರು. "ಹೂಂ ಮೇಡಂ, ಭಾಳ ಖಾರ," ಎಂದು ನಾವೆಲ್ಲ ಹೇಳಬೇಕು. ಯಾರ ಕಣ್ಣೀರು ಮೆಣಸಿನಕಾಯಿಯದು, ಯಾರದು ಪಾಠದ್ದು ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಅಷ್ಟಾದ ಮೇಲೆ ಮಾತು ತಾನಾಗಿ ಶುರುವಾಗುತ್ತಿತ್ತು.

ಹೊಸದಾಗಿ ಸೇರಿದಾಗ ನಾನು ಇದನ್ನು ನೋಡಿ ನಕ್ಕಿದ್ದೆ. ಮೇಡಂ ಮುನಿಸಿಕೊಳ್ಳಲಿಲ್ಲ. "ನಮ್ಮ ಕಡಿ ನಾಕು ಮಂದಿ ಮುಂದ ಅಳಬೇಕಂದ್ರ ಒಂದು ನೆಪ ಬೇಕು ತಮ್ಮಾ. ಆ ನೆಪ ಎಣ್ಯಾಗ ಕರದು ಕೊಟ್ರ ಏನಾತು?" ಎಂದರು.

ನೋಡಲು ಗಿಡ್ಡ ಆಳು. ಕಂಪ್ಲಿಯ ಕಾಲುವೆ ನೀರು ಕುಡಿದು ಬೆಳೆದವರು, ನಡಿಗೆಯೂ ಆ ನೀರಿನದೇ, ನಿಂತದ್ದು ಕಡಿಮೆ. ಹೆಗಲಿನಲ್ಲಿ ಒಂದು ಭಾರಿ ಬ್ಯಾಗು, ಕೈಯಲ್ಲಿ ಸದಾ ಒಂದು ಕರಿ ಛತ್ರಿ. ಹೊಸಪೇಟೆಯ ಬಿಸಿಲಿಗೆ ಆ ಛತ್ರಿ ಬಿಚ್ಚಿದ್ದನ್ನು ನಾನು ಕಾಣೆ. ಅದು ಆಟೋದವರನ್ನು ಬೈಯಲು, ಕಾರಿಡಾರಿನಲ್ಲಿ ಗೋಡೆಗೊರಗಿ ಒಬ್ಬರೇ ಮಂಕಾಗಿ ನಿಂತ ಹುಡುಗರ ಬೆನ್ನಿಗೆ ತಿವಿಯಲು. "ಏನಲೇ, ಗ್ವಾಡಿಗೆ ಆನಿಸಿ ನಿಂತಿ, ಗ್ವಾಡಿ ಬೀಳ್ತದಂತೇನು? ಬಾ ಒಳಗ," ಎಂದು ತಮ್ಮ ಕೋಣೆಗೆ ಎಳೆದೊಯ್ಯುವರು.

ಕೋಣೆಯಲ್ಲಿ ಬುದ್ಧಿವಾದ ಹೇಳುತ್ತಿದ್ದರು ಎಂದುಕೊಂಡರೆ ತಪ್ಪು. ಬ್ಯಾಗಿನಿಂದ ಒಂದು ಬೊಗಸೆ ಶೇಂಗಾ ತೆಗೆದು ಮೇಜಿನ ಮೇಲೆ ಸುರಿದು, "ಸುಲಿ," ಎನ್ನುವರು. ತಾವೂ ಸುಲಿಯುತ್ತ ಕೂರುವರು. ಕೈಗೆ ಕೆಲಸ ಸಿಕ್ಕರೆ ಬಾಯಿ ತಾನೇ ಬಿಚ್ಚುತ್ತದೆ ಎಂಬುದು ಅವರ ಸಿದ್ಧಾಂತ. ನೆಲದ ಮೇಲಿನ ಸಿಪ್ಪೆ ನೋಡಿಯೇ ಇವತ್ತು ಎಷ್ಟು ಜನರ ಮನಸ್ಸು ಕೆಟ್ಟಿತ್ತು ಎಂದು ನಾವು ಲೆಕ್ಕ ಹಾಕುತ್ತಿದ್ದೆವು. ಶೇಂಗಾಕ್ಕೂ ಬಗ್ಗದ ಸಂಕಟ ಕಂಡರೆ ಮಾತ್ರ ಅವರು ಹುಡುಗಾಟ ಬಿಡುತ್ತಿದ್ದರು. ನಿದ್ದೆ ಬಿಟ್ಟ, ಊಟ ಬಿಟ್ಟ ಒಬ್ಬ ಹುಡುಗನನ್ನು ತಾವೇ ಆಟೋದಲ್ಲಿ ಕೂರಿಸಿಕೊಂಡು ಹೊಸಪೇಟೆಯ ಮನೋವೈದ್ಯರ ಬಳಿ ಕರೆದೊಯ್ದು, ಅವನ ಸರದಿ ಬರುವತನಕ ಹೊರಗಿನ ಬೆಂಚಿನಲ್ಲಿ ಕೂತಿದ್ದರು. "ಜ್ವರ ಬಂದ್ರ ಡಾಕ್ಟರ್ ಕಡಿ ಹೋಗ್ತೀವಿಲ್ಲೋ? ಇದೂ ಹಂಗ," ಎಂದಿದ್ದರಂತೆ.

ಇನ್ನೊಂದು ಅಭ್ಯಾಸ. ಕಷ್ಟದ ಪಾಠ ಇದ್ದರೆ ಹಿಂದಿನ ದಿನವೇ ಸಾರಿಬಿಡುವರು, ನಮ್ಮ ಸಂಡೂರು ಬಸ್ಸಿನ ಕಂಡಕ್ಟರ್ "ಮುಂದ ಹಂಪ್ ಐತಿ, ಹಿಡ್ಕೊಳ್ರಿ" ಎನ್ನುವ ಹಾಗೆ. ಬಾಗಿಲ ಪಕ್ಕದ ಒಂದು ಕುರ್ಚಿಯನ್ನು ಯಾವಾಗಲೂ ಖಾಲಿ ಇಡಿಸುವರು. ಅದು ಎದ್ದು ಹೋಗುವವರ ಕುರ್ಚಿ. ಯಾರಿಗೆ ತಡೆಯಲಾಗುವುದಿಲ್ಲವೋ ಅವರು ಅಲ್ಲಿ ಕೂರಬಹುದು, ಯಾವಾಗ ಬೇಕಾದರೂ ಹೊರಗೆ ಹೋಗಬಹುದು, ಯಾಕೆ ಎಂದು ಕೇಳುವವರಿಲ್ಲ. "ಹೋಗಾಕ ದಾರಿ ಐತಿ ಅಂತ ಗೊತ್ತಿದ್ರ ಕುಂದ್ರಾಕ ಧೈರ್ಯ ಬರ್ತದ," ಎನ್ನುತ್ತಿದ್ದರು.

ಇದೆಲ್ಲ ನೋಡಿ ಮೇಲಿನವರಿಗೂ ಉಮೇದು ಬಂತು. ದೊಡ್ಡ ಊರಿನಿಂದ ಮನಸ್ಸು ಶಾಂತವಾಗಿಡುವ ತರಬೇತಿ ಕೊಡುವವರೊಬ್ಬರು ಪ್ರೊಜೆಕ್ಟರ್ ಸಮೇತ ಬಂದು, ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, ಕಣ್ಣು ಮುಚ್ಚಿ ನಿಧಾನ ಉಸಿರಾಡಿ ಎಂದರು. ಸ್ವಲ್ಪ ಹೊತ್ತಿಗೆ ಮುಂದಿನ ಸಾಲಿನಿಂದ ಗೊರಕೆ. ಮೇಡಂ! ನಾನು ಮೊಣಕೈಯಿಂದ ತಿವಿದು ಎಬ್ಬಿಸಿದರೆ, "ಯಾಕ ಎಬ್ಬಿಸಿದಿ? ಆ ಸರ್ ಹೇಳಿದಂಗ ಮಾಡಾಕತ್ತಿದ್ದೆ. ಭಾಳ ಚಲೋ ಅದಾರ ಅವರು," ಎಂದು ನನ್ನನ್ನೇ ಗದರಿದರು. ಊಟದ ಹೊತ್ತಿಗೆ ಆ ಸರ್ ಕೂಡ ಬೇವಿನ ಮರದ ಕೆಳಗೆ ಮಿರ್ಚಿ ಕಚ್ಚಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಇಷ್ಟರವರೆಗೆ ನನಗೆ ಮೇಡಂ ಎಂದರೆ ಒಂದು ಮೋಜು. ಅವರ ಬೆಲೆ ನನಗೆ ತಿಳಿದದ್ದು ಹುಲಿಗೆಮ್ಮನಿಂದ.

ಹುಲಿಗೆಮ್ಮ ಸಂಡೂರಿನ ಆಚೆಯ ಚೋರನೂರಿನ ಹುಡುಗಿ. ಅವರ ಮನೆತನದಲ್ಲಿ ಎಂ.ಎ. ಮೆಟ್ಟಿಲು ಹತ್ತಿದ ಮೊದಲನೆಯವಳು. ಮಾತು ಕಡಿಮೆ, ಆದರೆ ಅವಳ ಉತ್ತರ ಪತ್ರಿಕೆ ಓದುವಾಗ ನನ್ನ ಚಹಾ ಆರಿಹೋಗುತ್ತಿತ್ತು, ಹಾಗೆ ಬರೆಯುತ್ತಿದ್ದಳು. ಒಂದು ದಿನ ನಾನು ದುಡಿಮೆಯ ಬಗ್ಗೆ ಪಾಠ ಮಾಡುತ್ತಿದ್ದೆ. ಹಿಂದಿನ ದಿನ ಸಂಡೂರು ಘಾಟಿಯಲ್ಲಿ ಅದಿರಿನ ಟಿಪ್ಪರೊಂದು ಉರುಳಿತ್ತು, ಮಾತು ಅತ್ತ ಹೊರಳಿತು. ಕಂಪ್ಲಿಯ ವೀರೇಶ, ರೈಸ್ ಮಿಲ್ಲಿನವರ ಮಗ, ಎದ್ದು ನಿಂತು, "ಸರ್, ಅದರಾಗ ಚರ್ಚೆ ಮಾಡೋದೇನೈತ್ರಿ? ಡ್ರೈವರ್‌ಗಳು ಕುಡದು ಓಡಸ್ತಾರ, ಸಾಯ್ತಾರ," ಎಂದ. ಹಿಂದಿನ ಬೆಂಚಿನವರು ನಕ್ಕರು. ಹುಲಿಗೆಮ್ಮ ಪುಸ್ತಕ ಬ್ಯಾಗಿಗೆ ತುರುಕಿ ಎದ್ದು ಹೋದಳು. ಅವಳ ಅಪ್ಪ ಟಿಪ್ಪರ್ ಡ್ರೈವರ್ ಆಗಿದ್ದ, ವರ್ಷಗಳ ಹಿಂದೆ ಅದೇ ಘಾಟಿಯಲ್ಲಿ ಸತ್ತಿದ್ದ ಎಂದು ಅವಳ ಗೆಳತಿ ಎಲ್ಲರೆದುರು ಹೇಳಿದಳು. ಮೇಡಂ ಅಂದು ರಜೆಯಲ್ಲಿದ್ದರು. ಯಾರೂ ಬಂಡಿಗೆ ಹೋಗಲಿಲ್ಲ.

ಮರುದಿನ ಅವಳು ಬರಲಿಲ್ಲ, ಅದರ ಮರುದಿನವೂ ಇಲ್ಲ. ಫೋನ್ ಬಂದ್. ಓದು ಬಿಡುತ್ತಾಳಂತೆ, ಅವಳ ಸೋದರಮಾವ ಗಂಡು ಹುಡುಕುತ್ತಿದ್ದಾನಂತೆ ಎಂಬ ಸುದ್ದಿ ಮಾತ್ರ ಬಂತು. ನನಗೆ ಅನ್ನ ಸೇರದಾಯಿತು. ಮೇಡಂ ಕೋಣೆಗೆ ಹೋಗಿ, "ಮುಂದಿನ ವರ್ಷ ಆ ಪಾಠನೇ ಬಿಟ್ಟುಬಿಡ್ತೀನಿ ಮೇಡಂ," ಎಂದೆ.

ನನ್ನ ಮುಂದೆ ಶೇಂಗಾ ಬಿತ್ತು. "ಸುಲಿ. ಪಾಠ ಬಿಟ್ರ, ಆ ಪಾಠದಾಗಿನ ಮಂದಿ ಎಲ್ಲಿಗೆ ಹೋಗಬೇಕೋ? ಪಾಠ ಬಿಡಬ್ಯಾಡ. ಹುಡುಗೀನೂ ಬಿಡಬ್ಯಾಡ."

"ವೀರೇಶನ ಕಡೆಯಿಂದ ಕ್ಷಮೆ ಕೇಳಿಸೋಣೇನ್ರಿ? ಅವನೂ ಮೂರೂ ಹೊತ್ತು ಮುಖ ಮುಚ್ಚಿಕೊಂಡು ಕೂತಿದಾನೆ."

"ಎಲ್ಲಾರ ಮುಂದ ನಿಲ್ಲಿಸಿ ಕ್ಷಮಾ ಕೇಳಿಸಿದ್ರ ಅವನಿಗೆ ಹಗುರ ಆಗ್ತದ, ಆಕಿಗೆ ಭಾರ. ಇರ್ಲಿ ಬಿಡು ಅನ್ನಬೇಕಾಗ್ತದಲ್ಲ ಆಕಿ? ಬ್ಯಾಡ. ಶನಿವಾರ ಚೋರನೂರಿಗೆ ಹೋಗೂಣು. ಅವನೂ ಬರ್ಲಿ, ಬಾಳೆಹಣ್ಣು ಹೊರಾಕ ಒಬ್ಬ ಬೇಕು."

ವೀರೇಶನನ್ನು ಕೇಳಿದೆ. "ಬೈಸ್ಕೊಳ್ಳಾಕರ ಬರ್ತೀನ್ರಿ ಸರ್," ಎಂದ.

ಶನಿವಾರ ಹೊಸಪೇಟೆ ಬಸ್ ನಿಲ್ದಾಣದಲ್ಲಿ ಮೇಡಂ ಎರಡು ಚಿಪ್ಪು ಸುಗಂಧಿ ಬಾಳೆಹಣ್ಣು, ಒಂದು ತೆಂಗಿನಕಾಯಿ, ಮಾರುದ್ದ ಮಲ್ಲಿಗೆ ಕೊಂಡರು. ಹೂವು ಯಾಕೆ ಎಂದರೆ, "ಹರೇದ ಹುಡುಗಿ ಇರೋ ಮನಿಗೆ ಬರಿಗೈಲೆ ಹೋಗ್ತಾರೇನಪಾ?" ಎಂದು ಛತ್ರಿ ಎತ್ತಿದರು. ಮೇಡಂ ಹೊಸ ಇಳಕಲ್ ಸೀರೆಯಲ್ಲಿದ್ದರು. ವೀರೇಶ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟಿದ್ದ. ನಾನು, ಕರ್ಮಕ್ಕೆ, ಹಣೆಗೆ ವಿಭೂತಿ ಬೇರೆ ಹಚ್ಚಿದ್ದೆ. ಸಂಡೂರಿನಲ್ಲಿ ಬಸ್ಸು ಬದಲಿಸಿ ಚೋರನೂರಿನಲ್ಲಿ ಇಳಿದರೂ ನಮಗೆ ನಮ್ಮ ವೇಷದ ಅರ್ಥ ಹೊಳೆಯಲಿಲ್ಲ ನೋಡಿ!

ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯೊಬ್ಬಳು, "ಯಾರ ಮನಿಗ್ರೀ?" ಎಂದಳು. ಹುಲಿಗೆಮ್ಮನ ಮನೆಗೆ ಎಂದೆವು. ಅವಳ ಕಣ್ಣು ಮಲ್ಲಿಗೆಯ ಮೇಲಿಂದ ಬಾಳೆಹಣ್ಣಿಗೆ, ಬಾಳೆಹಣ್ಣಿಂದ ವೀರೇಶನಿಗೆ ಹರಿಯಿತು. "ಯಾವೂರಪಾ ನಿಂದು?"

"ಕಂಪ್ಲಿರಿ."

"ಹೊಲ ಮನಿ ಐತೇನು?"

"ಗದ್ದಿ ಐತ್ರಿ, ಮಿಲ್ಲೂ ಐತ್ರಿ," ಎಂದ ನಮ್ಮ ಪೆದ್ದ, ಪರೀಕ್ಷೆಯಲ್ಲಿ ಕೇಳಿದಂತೆ ಚೊಕ್ಕವಾಗಿ. ಅಜ್ಜಿ ಕಟ್ಟೆ ಇಳಿದು ಸಂದಿಯಲ್ಲಿ ನುಗ್ಗಿದ ವೇಗಕ್ಕೆ ನಾನು ಬೆರಗಾದೆ.

ನಾವು ಮನೆ ಮುಟ್ಟುವಷ್ಟರಲ್ಲಿ ಅಂಗಳಕ್ಕೆ ನೀರು ಬಿದ್ದಿತ್ತು. ಒಳಗೆ ಹೊಸ ಚಾಪೆ. ಕಿಟಕಿಯ ತುಂಬ ಹೆಂಗಸರ ತಲೆಗಳು. ಹುಲಿಗೆಮ್ಮನ ತಾಯಿ ಸೆರಗು ಸರಿಮಾಡಿಕೊಳ್ಳುತ್ತ, "ಬರ್ರಿ, ಕುಂದ್ರಿ. ಒಂದು ಮಾತು ಮೊದ್ಲ ಹೇಳಿ ಕಳಿಸಿದ್ರ..." ಎಂದು ತಡವರಿಸಿದಳು. ಎಷ್ಟು ಮರ್ಯಾದೆಯ ಜನ ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಮೇಡಂ ಕೈಯಿಂದ ಹೂವು ಪಡೆದು ಯಾರೋ ಒಳಗೆ ಒಯ್ದರು. ಬಿಸಿ ಉಪ್ಪಿಟ್ಟು ಬಂತು. ಉಪ್ಪಿಟ್ಟಿನಲ್ಲಿ ಗೋಡಂಬಿ ಕಂಡಾಗ ಮಾತ್ರ ನನಗೆ ಸಂಶಯ ಬಂತು.

"ಹುಡುಗ ಏನ್ ಮಾಡ್ತಾನ್ರಿ?" ಎಂದಳು ತಾಯಿ.

"ಇನ್ನಾ ಓದಾಕತ್ತಾನ್ರಿ," ಎಂದರು ಮೇಡಂ, ಉಪ್ಪಿಟ್ಟು ಸವಿಯುತ್ತ. "ಸ್ವಭಾವ ಚಲೋ ಐತಿ. ಬಾಯಿ ಒಂದು ಸ್ವಲ್ಪ ಸಡ್ಲ."

ಅಷ್ಟರಲ್ಲಿ ಒಳಗಿನಿಂದ ಹುಲಿಗೆಮ್ಮ ಬಂದಳು. ಯಾರೋ ಗಡಿಬಿಡಿಯಲ್ಲಿ ಮುಡಿಸಿದ ನಮ್ಮದೇ ಮಲ್ಲಿಗೆ ಒಂದು ಕಡೆ ಜೋತುಬಿದ್ದಿತ್ತು. ವೀರೇಶನನ್ನು ಕಂಡದ್ದೇ ಅವಳ ಮುಖ ಕೆಂಪೇರಿತು. "ಯವ್ವಾ, ಇಂವ ವರ ಅಲ್ಲ! ನಮ್ಮಪ್ಪನ್ನ ಕುಡುಕ ಅಂದಾವ ಇವನ!"

ಕಿಟಕಿಯ ತಲೆಗಳು ಇನ್ನಷ್ಟು ಒಳಬಾಗಿದವು. ವೀರೇಶ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ. ನಾನು ಮೇಡಂ ಕಡೆ ನೋಡಿದೆ. ಏನಾದರೂ ಹೇಳಿ ಪಾರು ಮಾಡುತ್ತಾರೆ ಎಂದುಕೊಂಡರೆ, ಸದಾ ಮಾತಾಡುವ ಆ ಹೆಂಗಸು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, ನೀನೂ ಸುಮ್ಮನಿರು ಎಂದು ಒತ್ತಿದರು.

ತಾಯಿ ವೀರೇಶನ ಕಡೆ ತಿರುಗಿದಳು. "ನೀ ನಮ್ಮ ಮನಿಯವ್ರನ್ನ ನೋಡಿದ್ದೇನಪಾ?"

"ಇಲ್ರಿ ಅವ್ವಾ."

"ಮತ್ತ ಹೆಂಗಂದಿ?"

"ಎಲ್ಲಾರೂ ಅಂತಾರ್ರಿ. ನಾನೂ ಅಂದೆ."

"ಹಂಗಾದ್ರ ಈಗ ಕೇಳು," ಎಂದು ಅವಳು ಅವನೆದುರೇ ಕೂತಳು. "ಅವರಿಗಿದ್ದ ಚಟ ಒಂದ. ಚಾ. ಊರ ತಿರುವಿಗೆ ಬಂದ್ರ ಎರಡು ಸಲ ಹಾರ್ನ್ ಹೊಡಿಯೋರು. ಅದು ಕೇಳಿದ ಕೂಡ್ಲೆ ಈಕಿ ಒಲಿ ಮ್ಯಾಲೆ ಚಾ ಇಡ್ತಿದ್ಲು. ಆವತ್ತು ಘಾಟಿನ್ಯಾಗ ಬ್ರೇಕ್ ಹತ್ತಲಿಲ್ಲ. ಹಾರ್ನ್ ಕೇಳಲಿಲ್ಲ. ನಮ್ಮ ಹುಡುಗಿ ಹಾರ್ನ್ ಇಲ್ದನ ಚಾ ಇಟ್ಟು ಕಾಯ್ಕೋಂತ ಕುಂತಿತ್ತು ತಮ್ಮಾ. ಇಷ್ಟ. ಉಣ್ಣು, ಉಪ್ಪಿಟ್ಟು ಆರ್ತದ."

ವೀರೇಶ ತುತ್ತು ಎತ್ತಲೂ ಆರದೆ ಬಿಡಲೂ ಆರದೆ ಕೂತ. ಆಗ ಮೇಡಂ ಮೆಲ್ಲಗೆ, "ಯವ್ವಾ, ಕಡಕೊಂಡು ತಿನ್ನಾಕ ಹಸಿಮೆಣಸಿನಕಾಯಿ ಅದಾವೇನು?" ಎಂದರು.

ಇದೇನು ಹುಚ್ಚು ಎನ್ನುವಂತೆ ನೋಡಿ ತಾಯಿ ಒಂದು ಹಿಡಿ ತಂದುಕೊಟ್ಟಳು. ಮೇಡಂ ಒಂದು ಕಚ್ಚಿದರು. ನನಗೊಂದು ಕೊಟ್ಟರು, ವೀರೇಶನಿಗೊಂದು. ಅವನು ಇಡೀ ಮೆಣಸಿನಕಾಯಿಯನ್ನು ಒಮ್ಮೆಲೇ ಅಗಿದುಬಿಟ್ಟ, ಮತ್ತು ಅಳತೊಡಗಿದ. ಹೆಗಲು ಕುಲುಕುವಂತೆ ಅತ್ತ. ಏನೂ ಅರ್ಥವಾಗದ ಕಿಟಕಿಯ ಹೆಂಗಸರು "ಅಯ್ಯಯ್ಯ, ನೀರು ಕೊಡ್ರಿ ಹುಡುಗಗ!" ಎಂದು ಕೂಗಿದರು. ಆದರೆ ಅರ್ಥವಾಗುವವಳು ಒಬ್ಬಳಿದ್ದಳಲ್ಲ. ಬಾಗಿಲಿಗೆ ಒರಗಿ ನಿಂತಿದ್ದ ಹುಲಿಗೆಮ್ಮ ಅವನನ್ನು ನೋಡಿದಳು, ಮೇಡಂ ಅವರನ್ನು ನೋಡಿದಳು. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಅವನ ಮುಂದಿಟ್ಟಳು.

"ಖಾರ ಭಾಳ ಐತಲ್ಲ?" ಎಂದಳು.

"ಹೂಂ," ಎಂದ ವೀರೇಶ. "ಭಾಳ ಖಾರ ಐತಿ."

ಅವಳು ನಕ್ಕಳು. ಅಳುತ್ತಲೇ ನಕ್ಕಳು. ನಾನು ಕೂಡ ಅತ್ತೆ, ಹೇಳಲು ನನಗೇನೂ ನಾಚಿಕೆಯಿಲ್ಲ.

ಹೊರಡುವಾಗ ತಾಯಿ, "ಕಳಸ್ತೀನಿ ಅಂತ ನಾ ಹೇಳಾಕ ಆಗಂಗಿಲ್ರಿ. ಆಕಿ ಮನಸ್ಸು," ಎಂದಳು. ಮೇಡಂ ಒತ್ತಾಯ ಮಾಡಲಿಲ್ಲ. ಹುಲಿಗೆಮ್ಮನ ತಲೆ ಸವರಿ, "ಸೋಮವಾರ ಅದ ಪಾಠ ಮುಂದುವರಸ್ತಾರ ನಿಮ್ಮ ಸರ್. ಬರಲೇಬೇಕು ಅಂತಿಲ್ಲ ತಂಗಿ. ಬಂದ್ರ ಬಾಗಿಲ ಬಾಜೂಕ ಕುರ್ಚಿ ಐತಿ," ಎಂದಷ್ಟೇ ಹೇಳಿದರು. ಕಟ್ಟೆಯ ಅಜ್ಜಿ ಮತ್ತೆ ತನ್ನ ಜಾಗದಲ್ಲಿದ್ದಳು. "ಒಪ್ಪಿಗಿ ಆತೇನ್ರಿ?" ಎಂದು ಆಸೆಯಿಂದ ಕೇಳಿದಳು.

"ಸೋಮವಾರ ಗೊತ್ತಾಗ್ತದಬೇ," ಎಂದರು ಮೇಡಂ.

ಸೋಮವಾರ ನನ್ನ ಕಣ್ಣೆಲ್ಲ ಆ ಖಾಲಿ ಕುರ್ಚಿಯ ಮೇಲೆ. ಹಾಜರಿ ಮುಗಿಯಿತು. ಸಂಡೂರು ಬಸ್ಸು ಬಂದುಹೋದ ಸದ್ದಾಯಿತು. ಇನ್ನಿಲ್ಲ ಎಂದು ಬೋರ್ಡಿನ ಕಡೆ ತಿರುಗಿದೆ. "ಬರ್ಲಾ ಸರ್?" ಎಂಬ ದನಿ ಕೇಳಿತು. ಅವಳು ಬಾಗಿಲ ಪಕ್ಕ ಕೂತಳು, ಬ್ಯಾಗು ತೊಡೆಯ ಮೇಲೆಯೇ ಇತ್ತು. ನಾನು ತೊದಲುತ್ತ ಪಾಠ ಶುರು ಮಾಡಿದೆ. ನಡುವೆ ಅವಳು ಒಮ್ಮೆ ಎದ್ದಳು. ಹೋದಳು ಎಂದುಕೊಂಡೆ. ಅವಳು ನಿಂತದ್ದು ಮಾತಾಡಲು. ಹಾರ್ನಿನ ಕಥೆ ಹೇಳಿದಳು, ಚಹಾದ ಕಥೆ ಹೇಳಿದಳು, ಘಾಟಿ ಇಳಿಯುವ ಟಿಪ್ಪರಿನ ಬ್ರೇಕ್ ನೋಡಬೇಕಾದವರು ಯಾರು ಎಂದು ಕೇಳಿದಳು. ನನ್ನ ಜೀವಮಾನದಲ್ಲಿ ಅಂಥ ತರಗತಿ ಮತ್ತೆ ಆಗಿಲ್ಲ. ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಛತ್ರಿ ಕಾಣಿಸಿತು. ಭಾಯಿ ಆ ದಿನ ಎರಡು ಸಲ ಹಿಟ್ಟು ಕಲಸಿದ.

ಈಗ ಹುಲಿಗೆಮ್ಮ ಕಂಪ್ಲಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅವಳ ತರಗತಿಯಲ್ಲೂ ಬಾಗಿಲ ಪಕ್ಕ ಒಂದು ಕುರ್ಚಿ ಖಾಲಿ ಇರುತ್ತದಂತೆ. ಹೀಗೆಂದು ನನಗೆ ಹೇಳಿದವನು ವೀರೇಶ. ಮಿಲ್ಲಿಗೆ ಬರುವ ಲಾರಿ ಡ್ರೈವರ್‌ಗಳಿಗೆ ಅವನು ಚಹಾ ಕುಡಿಸದೆ ಕಳಿಸುವುದಿಲ್ಲವೆಂದು ಹೇಳಿದವಳು ಅವಳು.

ಕಳೆದ ತಿಂಗಳು ಮೇಡಂ ಬೀಳ್ಕೊಡುಗೆ. ಹಾರ, ಶಾಲು, ಹಣ್ಣಿನ ಬುಟ್ಟಿ, ಎಲ್ಲ ಆಯಿತು. "ಈ ಬಿಸಿಲೂರಾಗ ಶಾಲು ಹೊದಸ್ತೀರಲ್ರೋ, ಏನ್ ದ್ವೇಷ ನಿಮ್ಮದು?" ಎಂದು ಸಭೆಯನ್ನು ನಗಿಸಿ ಮೈಕಿನ ಮುಂದೆ ನಿಂತರು. ನಿಂತವರು ನಿಂತೇ ಇದ್ದರು. ಮಾತು ಹೊರಡಲಿಲ್ಲ. ಕನ್ನಡಕ ತೆಗೆದರು, ಹಾಕಿಕೊಂಡರು. ಎಷ್ಟೋ ಮಂದಿಯನ್ನು ಅಳಲು ಬಿಟ್ಟ ಆ ಹೆಂಗಸು ತಾವು ಅಳುವುದು ಹೇಗೆಂದು ತಿಳಿಯದೆ ನಮ್ಮೆಲ್ಲರೆದುರು ಒದ್ದಾಡುತ್ತಿದ್ದರು. ನಮಗೂ ಏನು ಮಾಡಬೇಕೆಂದು ತೋಚಲಿಲ್ಲ. ನಾವು ಆ ತನಕ ಎಂದೂ ಅವರನ್ನು ಸಂತೈಸಿದವರೇ ಅಲ್ಲ.

ಸಭಾಂಗಣದ ಬಾಗಿಲ ಪಕ್ಕದ ಕುರ್ಚಿಯಿಂದ ಹುಲಿಗೆಮ್ಮ ಎದ್ದಳು. ಎಣ್ಣೆ ಇಳಿದ ಕಾಗದದ ಪೊಟ್ಟಣ ಹಿಡಿದು ನೇರ ವೇದಿಕೆ ಹತ್ತಿದಳು. ಭಾಯಿಯ ಬಂಡಿಯ ಬಿಸಿ ಮಿರ್ಚಿ. "ತಿನ್ರಿ ಮೇಡಂ," ಎಂದಳು.

ಮೇಡಂ ಒಂದು ಕಚ್ಚಿದರು. ಅಗಿದರು. ಕಣ್ಣೀರು ಗಲ್ಲದ ಮೇಲೆ ಧಾರಾಳವಾಗಿ ಇಳಿಯಿತು.

"ಖಾರ ಭಾಳ ಐತಲ್ರೀ ಮೇಡಂ?" ಎಂದಳು ಹುಲಿಗೆಮ್ಮ.

ಮೇಡಂ ಮಿರ್ಚಿಯನ್ನು ನೋಡಿದರು, ಅವಳನ್ನು ನೋಡಿದರು, ನಮ್ಮನ್ನು ನೋಡಿದರು. ಕಣ್ಣು ಒರೆಸಿಕೊಳ್ಳಲಿಲ್ಲ.

"ಇಲ್ಲಬೇ," ಎಂದರು. "ಒಂಚೂರೂ ಖಾರ ಇಲ್ಲ."